ಐದು ಗಂಟೆಗೆ ಬರುವವಳು

ಇಬ್ಬರಿಗೆ ರಾತ್ರಿ ಅಡುಗೆ ಎಂದರೆ ಸೊಸೆಗೆ ಇಪ್ಪತ್ತು ನಿಮಿಷದ ಕೆಲಸ. ಒಂದು ಒಲೆಯ ಮೇಲೆ ಒಂದು ಲೋಟ ಅಕ್ಕಿ, ಇನ್ನೊಂದರ ಮೇಲೆ ಬಾಣಲೆ. ಉದ್ದುದ್ದಕ್ಕೆ ಹೆಚ್ಚಿದ ಈರುಳ್ಳಿ ಎಣ್ಣೆಯಲ್ಲಿ ಕೆಂಪಗಾಗುವಷ್ಟರಲ್ಲಿ ಆಲೂಗಡ್ಡೆ ತಯಾರು. ಆಲೂಗಡ್ಡೆ ಬೇಯುವಷ್ಟರಲ್ಲಿ ಬೀನ್ಸ್ ಮುರಿದು ಮುಗಿದಿರುತ್ತಿತ್ತು. ಕೊನೆಗೆ ಎರಡು ಮೊಟ್ಟೆ ಒಡೆದು ಸುರಿದು, ಕಾಳುಮೆಣಸಿನ ಪುಡಿ ಉದುರಿಸಿ ಮುಚ್ಚಿಟ್ಟರೆ ಆಯಿತು. ಬೀನ್ಸಿಗೆ ಅವಳು ಚಾಕು ತಾಗಿಸುತ್ತಿರಲಿಲ್ಲ, ಕೈಯಲ್ಲೇ ಮುರಿಯುತ್ತಿದ್ದಳು. ಎಡಗೈ ಅಭ್ಯಾಸದವಳಾದ್ದರಿಂದ ಚಾಕು ತೊಳೆದು ಒಲೆಯ ಎಡಕ್ಕೇ ಇಡುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಇದಕ್ಕೆ ಗೊಣಗಿದ್ದುಂಟು. ನನ್ನ ಅಡುಗೆಮನೆಯನ್ನು ಕನ್ನಡಿಯೊಳಗೆ ನೋಡಿದ ಹಾಗಾಗಿದೆ ಎನ್ನುತ್ತಿದ್ದರು. ಆಮೇಲೆ ಒಗ್ಗಿಕೊಂಡರು.

ಮನೆಯಲ್ಲಿ ಇದ್ದದ್ದು ಮೂವರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಗುಂಡಿ ಒತ್ತಿ ಮೇಲೆ ಕಳಿಸುವವನ ಮನೆಗೆ ಮಾತ್ರ ಮೂರು ಮಹಡಿ ಮೆಟ್ಟಿಲು. ಆ ಮೆಟ್ಟಿಲಿನಲ್ಲೇ ಎರಡು ವರ್ಷದ ಹಿಂದೆ ಅತ್ತೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿಕೊಂಡಿತು. ಆದರೆ ವಾಕರ್ ಬಿಟ್ಟು ಅವರು ಒಂದು ಹೆಜ್ಜೆ ಇಡಲಿಲ್ಲ. ಕಾಲಿನಲ್ಲಿ ತೊಂದರೆ ಏನೂ ಇಲ್ಲ, ಭಯ ಮಾತ್ರ ಅಂತ ಡಾಕ್ಟರು ಎಷ್ಟು ಹೇಳಿದರೂ ಅಷ್ಟೇ. ಹಗಲೆಲ್ಲ ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದು, ಬೆಳಿಗ್ಗೆ ಸಂಜೆ ಸೊಸೆ ಮಾಡುವುದನ್ನು ನೋಡುವುದೇ ಅವರ ಕೆಲಸ.

ಅತ್ತೆ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು. ಎರಡು ಮಾತು ಕೇಳಿದರೆ ಸಾಕು, ಯಾರ ದನಿಯನ್ನಾದರೂ ಹಾಗೇ ಎತ್ತಿ ಇಡುತ್ತಿದ್ದರಂತೆ. ಮಕ್ಕಳು ಚಿಕ್ಕವರಿದ್ದಾಗ ಊಟಕ್ಕೆ ಕೂತರೆ ಅವತ್ತಿನ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ತಾಯಿಯ ಬಾಯಲ್ಲಿ ಬಂದು ಹೋಗುತ್ತಿದ್ದರು ಎಂದು ಗಂಡ ಹೇಳುತ್ತಿದ್ದ. ಸೊಸೆ ಅದನ್ನು ಕೇಳಿದವಳಲ್ಲ. ಅವಳು ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು, ಅತ್ತೆ ಮಾತು ಕಡಿಮೆ ಮಾಡಿದ್ದರು.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸಬೇಕು. ಸಂಜೆ ಆರೂಕಾಲಿಗೆ ಬಿಟ್ಟರೆ ಹತ್ತು ನಿಮಿಷದ ನಡಿಗೆ. ಕಣ್ಣು ಉರಿಯುತ್ತಿರುತ್ತಿತ್ತು, ಬೆನ್ನು ಹಿಡಿದುಕೊಂಡಿರುತ್ತಿತ್ತು. ಗಂಡನಿಗೆ ಆ ತಿಂಗಳು ಮಧ್ಯಾಹ್ನದ ಪಾಳಿ ಬಿತ್ತು. ಒಂದು ಗಂಟೆಗೆ ಹೊರಟರೆ ಬರುವುದು ಊರು ಮಲಗಿದ ಮೇಲೆ, ಊಟ ಅಲ್ಲೇ ಕ್ಯಾಂಟೀನಿನಲ್ಲಿ. ಹಾಗಾಗಿ ರಾತ್ರಿಯ ಅಡುಗೆ ಇಬ್ಬರಿಗೆ. ಅತ್ತೆ ಸೊಸೆ ಎದುರುಬದುರು ಕೂತು ಹತ್ತು ನಿಮಿಷದಲ್ಲಿ ಉಂಡು ಏಳುತ್ತಿದ್ದರು. ಸೊಸೆಯ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫೋನು. ಅತ್ತೆ ಏನಾದರೂ ಕೇಳಿದರೆ ಹೂಂ ಅಥವಾ ಊಹೂಂ.

ಪಾಳಿ ಬದಲಾದ ಎರಡನೆಯ ವಾರದ ಸೋಮವಾರ, ಸೊಸೆ ಮೊಟ್ಟೆಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗಲೇ ಈರುಳ್ಳಿ ಹುರಿದ ವಾಸನೆ ಬಂತು. ಪಕ್ಕದ ಮನೆಯದಿರಬೇಕು ಎಂದುಕೊಂಡಳು. ಬೀಗ ತೆಗೆದು ಒಳಗೆ ಬಂದರೆ ವಾಸನೆ ತಮ್ಮ ಮನೆಯದೇ. ಒಲೆಯ ಮೇಲೆ ಬಾಣಲೆ, ಅದಕ್ಕೆ ಮುಚ್ಚಳ, ಮುಚ್ಚಳ ಇನ್ನೂ ಬಿಸಿ. ಪಕ್ಕದಲ್ಲಿ ಅನ್ನ. ಮೇಜಿನ ಮೇಲೆ ಎರಡು ತಟ್ಟೆ.

"ಯಾರು ಅಡುಗೆ ಮಾಡಿದ್ದು ಅತ್ತೆ?" ಎಂದು ಕೇಳಿದಳು.

ಕುರ್ಚಿಯಲ್ಲಿದ್ದ ಅತ್ತೆ ಅವಳನ್ನು ವಿಚಿತ್ರವಾಗಿ ನೋಡಿದರು. "ನೀನೇ ತಾನೇ? ಐದು ಗಂಟೆಗೆ ಬಂದು ಮಾಡಿಟ್ಟು ಹೋದೆಯಲ್ಲ."

ವಯಸ್ಸಾದವರ ಮಾತು, ನಾದಿನಿ ಬಂದು ಮಾಡಿಟ್ಟು ಹೋಗಿರಬೇಕು ಎಂದುಕೊಂಡಳು ಸೊಸೆ. ಗಂಡನ ತಂಗಿ ಬಸ್ ಕಂಡಕ್ಟರ್. ಅವಳ ಬಸ್ಸು ಆ ದಾರಿಯಲ್ಲೇ ಓಡುತ್ತಿತ್ತು, ತಾಯಿಯ ಮನೆಯ ಕೀಲಿಕೈಯೂ ಅವಳ ಹತ್ತಿರ ಇತ್ತು. ಕೇಳದೇ ಸಿಕ್ಕ ಊಟವನ್ನು ಬೇಡ ಅನ್ನಬಾರದು ಎಂದು ತಟ್ಟೆಗೆ ಬಡಿಸಿಕೊಂಡಳು. ಮೊದಲ ತುತ್ತು ಬಾಯಿಗಿಟ್ಟಾಗ ಏನೋ ಒಂಥರಾ ಆಯಿತು. ಚೆನ್ನಾಗಿಲ್ಲ ಎಂದಲ್ಲ. ಉಪ್ಪು, ಖಾರ, ಆಲೂಗಡ್ಡೆಯ ಗಾತ್ರ, ಎಲ್ಲ ತಾನು ಮಾಡಿದ ಹಾಗೇ ಇತ್ತು. ಬೀನ್ಸನ್ನು ಹೆಚ್ಚಿರಲಿಲ್ಲ, ಮುರಿದಿದ್ದರು. ಎದ್ದು ಕೈ ತೊಳೆಯಲು ಹೋದಾಗ ಚಾಕು ಕಣ್ಣಿಗೆ ಬಿತ್ತು. ಒಲೆಯ ಎಡಕ್ಕೆ ಇತ್ತು.

ಬುಧವಾರ ಮತ್ತೆ ಹಾಗೇ ಆಯಿತು. ಗುರುವಾರವೂ ಆಯಿತು. ಗುರುವಾರ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ತನ್ನ ನೀಲಿ ಏಪ್ರನ್ ಮುಟ್ಟಿ ನೋಡಿದಳು. ಹೊಟ್ಟೆಯ ಹತ್ತಿರ ಒದ್ದೆಯಾಗಿತ್ತು.

ಭಾನುವಾರ ನಾದಿನಿ ತಾಯಿಯನ್ನು ನೋಡಲು ಬಂದಾಗ ಸೊಸೆ ನೇರವಾಗಿಯೇ ಮಾತು ತೆಗೆದಳು. ಬಂದು ಅಡುಗೆ ಮಾಡಿದ್ದಕ್ಕೆ ಸಂತೋಷ, ಆದರೆ ಹೇಳಿ ಮಾಡಿದರೆ ಒಳ್ಳೆಯದು, ಕದ್ದು ಬಂದು ಮಾಡಿದರೆ ನಾನು ಅತ್ತೆಯನ್ನು ಉಪವಾಸ ಕೆಡವುತ್ತೇನೆ ಅಂತ ನಾಲ್ಕು ಜನ ಅಂದುಕೊಳ್ಳುತ್ತಾರೆ ಎಂದಳು. ನಾದಿನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಅತ್ತಿಗೆ, ನಮ್ಮನೇಲಿ ಒಲೆ ಹಚ್ಚೋಕೇ ನನಗೆ ಪುರಸೊತ್ತಿಲ್ಲ. ಐದು ಗಂಟೆಗೆ ನಾನು ಬಸ್ಸಲ್ಲಿ ನಿಂತು ಟಿಕೆಟ್ ಹರೀತಿರ್ತೀನಿ. ನಿಮ್ಮನೇಗೆ ಬಂದು ಬೀನ್ಸ್ ಮುರಿಯೋಕೆ ನನಗೇನು ಎರಡು ಮೈ ಇದೆಯಾ?"

"ಕೀಲಿ ಇರೋದು ನಿನ್ನ ಹತ್ತಿರ ತಾನೇ?"

"ಇತ್ತು. ತಗೊಳ್ಳಿ." ನಾದಿನಿ ಕೀಲಿಕೈಯನ್ನು ಮೇಜಿನ ಮೇಲೆ ಎಸೆದು, ಊಟಕ್ಕೂ ನಿಲ್ಲದೆ ಹೊರಟುಹೋದಳು. ಗಂಡ ಸ್ನಾನದ ಮನೆಯಿಂದ ಬಂದು ವಿಷಯ ಕೇಳಿ ಹೆಂಡತಿಯ ಮೇಲೆ ರೇಗಿದ. ಮಾಡಿಟ್ಟ ಅಡುಗೆಗೆ ಜಗಳ ಮಾಡುವ ಮನೆ ಇದೊಂದೇ ಎಂದ. ಅತ್ತೆ ಮಾತ್ರ ಇಬ್ಬರನ್ನೂ ನೋಡುತ್ತ ಕೂತಿದ್ದರು. ಬಲಗೈಯ ಹೆಬ್ಬೆರಳಿಗೆ ಅವರು ಬಟ್ಟೆ ಚೂರು ಸುತ್ತಿಕೊಂಡಿದ್ದರು. ಏನಾಯಿತು ಎಂದರೆ, ಹಳೇ ಕಾಗದ ಎತ್ತಿಡುವಾಗ ಕೊಯ್ದುಕೊಂಡಿತು ಎಂದರು.

ಸೋಮವಾರ ಬೆಳಿಗ್ಗೆಯೇ ಸೊಸೆ ಬೀಗದವನನ್ನು ಕರೆಸಿ ಹೊಸ ಬೀಗ ಹಾಕಿಸಿದಳು. ಎರಡೇ ಕೀಲಿಕೈ: ಒಂದು ಗಂಡನಿಗೆ, ಒಂದು ಅವಳಿಗೆ. ಆ ಸಂಜೆ ಅವಳು ಮೆಟ್ಟಿಲು ಹತ್ತಿದ್ದು ನಿಧಾನಕ್ಕೆ. ಎರಡನೆಯ ಮಹಡಿಯವರೆಗೆ ಏನೂ ಇಲ್ಲ. ಮೂರನೆಯದಕ್ಕೆ ತಿರುಗುವಾಗ ಈರುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಹೊಸ ಬೀಗ ಹಾಕಿದ್ದ ಹಾಗೇ ಇತ್ತು. ಒಳಗೆ ಬಾಣಲೆ ಬಿಸಿಯಾಗಿತ್ತು.

ಅವಳಿಗೆ ಆ ಅಡುಗೆ ತಿನ್ನಲು ಮನಸ್ಸು ಬರಲಿಲ್ಲ. ಬಾಣಲೆ ಎತ್ತಿಕೊಂಡು ಕಸದ ಡಬ್ಬಿಯ ಕಡೆ ತಿರುಗಿದಳು.

"ಚೆಲ್ಲಬೇಡ ಕಣೇ," ಎಂದರು ಅತ್ತೆ. "ಪಾಪ, ಅವಳು ನಿಂತು ಮಾಡಿದ್ದಾಳೆ."

"ಯಾರು ಅವಳು?"

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ, "ನೀನೇ," ಎಂದರು.

ಆ ರಾತ್ರಿ ಸೊಸೆ ಬರೀ ಬ್ರೆಡ್ಡು ತಿಂದು ಮಲಗಿದಳು. ಅತ್ತೆ ಪೂರ್ತಿ ಊಟ ಮಾಡಿ, ಎದುರಿನ ಖಾಲಿ ಕುರ್ಚಿಯನ್ನು ನೋಡಿ ಒಂದೆರಡು ಸಲ ತಲೆಯಾಡಿಸಿದರು.

ಮಾರನೆಯ ದಿನ ಬೆಳಿಗ್ಗೆ ಓಣಿಗೆ ಇಳಿದಾಗ ಎದುರು ಅಂಗಡಿಯ ಗಡಿಯಾರದವರು ಮಾತಾಡಿಸಿದರು. ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುವ ಮುದುಕರು ಅವರು. ಕೆಲಸದ ನಡುವೆ ತಲೆ ಎತ್ತಿದರೆ ಕಾಣುವುದು ಇವರ ಅಡುಗೆಮನೆಯ ಕಿಟಕಿ. ಅಂಗಡಿಯಿಂದ ಈಚೆಗೆ ಬೇಗ ಬಿಡುತ್ತಾರೇನಮ್ಮ ಎಂದು ಕೇಳಿದರು. ಸೊಸೆ ಇಲ್ಲ ಎಂದಳು.

"ಮತ್ತೆ ಐದು ಗಂಟೆಗೆ ಕಿಟಕೀಲಿ ಕಾಣ್ತೀಯಲ್ಲ. ನೀಲಿ ಏಪ್ರನ್ ಹಾಕ್ಕೊಂಡು, ಜಡೆ ಮುಂದೆ ಬಿಟ್ಕೊಂಡು. ನಿನ್ನೆ ಕೈ ಬೀಸಿದೆ, ನೀನು ತಿರುಗಿ ನೋಡಲೇ ಇಲ್ಲ."

ಸೊಸೆ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿ ನಡೆದುಬಿಟ್ಟಳು. ಅವತ್ತು ಅಂಗಡಿಯಲ್ಲಿ ಅವಳ ಕೈಯಿಂದ ಎರಡು ಗಾಜು ಒಡೆದವು.

ಗಂಡನ ಹತ್ತಿರ ಮಾತಾಡಲು ಇದ್ದದ್ದು ಬೆಳಗಿನ ಕಾಫಿಯ ಹೊತ್ತೊಂದೇ. ಬುಧವಾರ ಬೆಳಿಗ್ಗೆ ಎಲ್ಲವನ್ನೂ ಹೇಳಿದಳು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದ. ನಗಲಿಲ್ಲ, ಆದರೆ ನಂಬಲೂ ಇಲ್ಲ.

"ಸಂಜೆ ಟೀಗೆ ಅಂತ ಅಂಗಡಿಯಿಂದ ಹೊರಗೆ ಹೋಗ್ತೀಯಲ್ಲ, ಎಷ್ಟು ಗಂಟೆಗೆ?"

"ಐದಕ್ಕೆ. ಯಾಕೆ?"

"ಇಲ್ಲಿಗೆ ಹತ್ತು ನಿಮಿಷದ ದಾರಿ. ನೀನೇ ಬಂದು ಮಾಡಿಟ್ಟು ಹೋಗ್ತಿರಬಹುದು. ಆಮೇಲೆ ಮರೀತಿರಬಹುದು. ತುಂಬಾ ಸುಸ್ತಾದ್ರೆ ಹಾಗಾಗುತ್ತಂತೆ."

"ನನಗೆ ಮರೆವು ಅಂತೀರಾ?"

"ಅಮ್ಮನೂ ನೀನೇ ಅಂತಾಳೆ. ಗಡಿಯಾರದವರೂ ನೀನೇ ಅಂತಾರೆ. ಅಲ್ಲ ಅಂತಿರೋದು ನೀನೊಬ್ಬಳೇ."

"ಅತ್ತೆನೇ ಮಾಡ್ತಿರಬಾರದಾ?"

"ಅಮ್ಮನಿಗೆ ಬಾತ್‌ರೂಮಿಗೆ ಹೋಗೋಕೇ ಹತ್ತು ನಿಮಿಷ ಬೇಕು. ನೀನೇ ದಿನಾ ನೋಡ್ತೀಯ." ಅವನು ತಟ್ಟೆ ಸರಿಸಿ ಎದ್ದ. "ರಜೆ ಹಾಕಿ ಒಂದು ವಾರ ನಿದ್ದೆ ಮಾಡು."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ದಿನವಿಡೀ ಗಾಜಿನ ಪುಡಿಯ ನಡುವೆ ಕೂತು, ನಿನ್ನೆ ಐದು ಗಂಟೆಗೆ ತಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಂಡಳು. ಟೀ ಅಂಗಡಿಯ ಮುಂದೆ ನಿಂತಿದ್ದು ನೆನಪಿತ್ತು. ಲೋಟ ಹಿಡಿದದ್ದು ನೆನಪಿತ್ತು. ಕುಡಿದು ಮುಗಿಸಿದ್ದು ನೆನಪಿಗೆ ಬರಲಿಲ್ಲ. ಏಪ್ರನ್ನಿನ ಒದ್ದೆ ನೆನಪಾಯಿತು. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು, ಈರುಳ್ಳಿಯ ವಾಸನೆ ಇದೆಯಾ ಎಂದು. ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು.

ಅವತ್ತು ಐದು ಗಂಟೆಗೆ ಅವಳು ಟೀಗೆ ಹೋಗಲಿಲ್ಲ. ಕೌಂಟರಿನಲ್ಲಿ ಕೂರುವ ಅಕ್ಕನನ್ನು ಒಳಗೆ ಕರೆದು, ಆರೂಕಾಲರವರೆಗೆ ನನ್ನನ್ನು ಈ ಕೋಣೆಯಿಂದ ಎದ್ದುಹೋಗಲು ಬಿಡಬೇಡಿ ಎಂದಳು. ಅಕ್ಕ ನಕ್ಕು, ಮದುವೆಯಾದ ಹೆಣ್ಣು, ಓಡಿಹೋಗುವ ವಯಸ್ಸು ದಾಟಿತಲ್ಲೇ ಎಂದು ತಮಾಷೆ ಮಾಡಿದರೂ, ಅವಳ ಮುಖ ನೋಡಿ ಸ್ಟೂಲನ್ನು ಬಾಗಿಲಿಗೆ ಅಡ್ಡ ಹಾಕಿ ಕೂತರು. ಆರೂಕಾಲರವರೆಗೆ ಸೊಸೆ ಎದ್ದಿರಲಿಲ್ಲ, ಅದಕ್ಕೆ ಅಕ್ಕನೇ ಸಾಕ್ಷಿ.

ಮನೆಗೆ ಬಂದರೆ ಬಾಣಲೆ ಬಿಸಿಯಾಗಿತ್ತು. ಎರಡು ತಟ್ಟೆ ಇಟ್ಟಿತ್ತು. ಅನ್ನ ತಳ ಹತ್ತಿ ಕರಕಲು ವಾಸನೆ ಬರುತ್ತಿತ್ತು, ಒಲೆ ಸಣ್ಣ ಉರಿಯಲ್ಲಿ ಇನ್ನೂ ಉರಿಯುತ್ತಲೇ ಇತ್ತು.

ಸೊಸೆ ಒಲೆ ಆರಿಸಿ, ಸಿಲಿಂಡರಿನ ತಿರುಪನ್ನೂ ಮುಚ್ಚಿ, ಅತ್ತೆಯ ಎದುರು ನೆಲದ ಮೇಲೆ ಕೂತಳು. ಕೋಪ ಮಾಡಿಕೊಳ್ಳದೆ, ಅವಳು ಬಂದಾಗ ಏನು ಮಾಡುತ್ತಾಳೆ ಹೇಳಿ ಎಂದು ಕೇಳಿದಳು. ಅತ್ತೆ ಖುಷಿಯಿಂದಲೇ ಹೇಳಿದರು. ಬರುತ್ತಾಳೆ, ಏಪ್ರನ್ ಕಟ್ಟಿಕೊಳ್ಳುತ್ತಾಳೆ, ಬೀನ್ಸ್ ಮುರಿಯುತ್ತಾಳೆ. ಮಾತಾಡುತ್ತಾಳೆ. ಅಂಗಡಿಗೆ ಯಾರು ಬಂದರು, ಯಾರ ಕಣ್ಣಿಗೆ ಎಷ್ಟು ಪವರು, ಎಲ್ಲ ಹೇಳುತ್ತಾಳೆ.

"ನೀನು ಬರೋದು ಗೊತ್ತಾದ್ರೆ ಹೊರಟು ಹೋಗ್ತಾಳೆ," ಎಂದರು ಅತ್ತೆ. "ಈಗ ಬರೋ ನೀನು ಮಾತಾಡೋದಿಲ್ಲ. ಅವಳು ಮಾತಾಡ್ತಾಳೆ."

ಸೊಸೆಗೆ ಅಡುಗೆಮನೆಯ ಕತ್ತಲ ಮೂಲೆಯ ಕಡೆ ನೋಡದೇ ಇರಲು ಆಗಲಿಲ್ಲ. ಅಲ್ಲಿ ಪೊರಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಶುಕ್ರವಾರ ಅವಳು ಬೇಗ ಹೋಗಲು ಅನುಮತಿ ಕೇಳಿ ಐದಕ್ಕೇ ಹೊರಟಳು. ಯಾರಿಗೂ ಹೇಳಲಿಲ್ಲ. ಓಣಿಯಲ್ಲಿ ಬಿಸಿಲು ಇನ್ನೂ ಇತ್ತು. ಗಡಿಯಾರದವರು ತಲೆ ಬಗ್ಗಿಸಿಕೊಂಡಿದ್ದರು. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಲ್ಲೇ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಬೀಗಕ್ಕೆ ಕೀಲಿಕೈಯನ್ನು ಎಷ್ಟು ಮೆಲ್ಲಗೆ ಹಾಕಿದಳೆಂದರೆ ಅವಳಿಗೇ ಶಬ್ದ ಕೇಳಿಸಲಿಲ್ಲ. ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಾಗ ಅಡುಗೆಮನೆಯಿಂದ ಮಾತು ಕೇಳಿಸಿತು.

"ಇವತ್ತು ಒಬ್ಬರು ಬಂದಿದ್ರು ಅತ್ತೆ. ಕನ್ನಡಕ ಹಾಕ್ಕೊಂಡೇ ಕನ್ನಡಕ ಕಳೆದುಹೋಗಿದೆ ಅಂತ ಹುಡುಕ್ತಿದ್ರು."

ಅದು ಅವಳದೇ ದನಿ. ದಣಿದಾಗ ಮೂಗಿನಿಂದ ಬರುವ ಎಳೆತ, 'ಅತ್ತೆ' ಎನ್ನುವಾಗ ಕೊನೆಗೆ ಸ್ವಲ್ಪ ಎತ್ತುವ ಅಭ್ಯಾಸ, ಯಾವುದೂ ತಪ್ಪಿರಲಿಲ್ಲ. ಸೊಸೆ ಗೋಡೆ ಹಿಡಿದುಕೊಂಡಳು. ತಾನು ಬಾಗಿಲಲ್ಲಿ ನಿಂತಿದ್ದೇನೆಯೋ ಒಳಗೆ ನಿಂತಿದ್ದೇನೆಯೋ ಎಂಬುದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ.

ಬಳಿಕ ಒಂದು ಹೆಜ್ಜೆ ಮುಂದೆ ಬಂದು ನೋಡಿದಳು.

ಒಲೆಯ ಮುಂದೆ ಅತ್ತೆ ನಿಂತಿದ್ದರು. ನೀಲಿ ಏಪ್ರನ್ ಕಟ್ಟಿಕೊಂಡು, ನರೆತ ಕೂದಲನ್ನು ಜಡೆ ಹೆಣೆದು ಮುಂದಕ್ಕೆ ಬಿಟ್ಟುಕೊಂಡಿದ್ದರು. ವಾಕರ್ ಕುರ್ಚಿಯ ಪಕ್ಕದಲ್ಲಿ ಬಿಟ್ಟಲ್ಲೇ ಇತ್ತು. ಎಡಗೈಯಲ್ಲಿ ಚಾಕು ಹಿಡಿದು ಆಲೂಗಡ್ಡೆ ಹೆಚ್ಚುತ್ತಿದ್ದರು. ಒಗ್ಗದ ಕೈಯಾದ್ದರಿಂದ ಅಲಗು ಆಗಾಗ ಬಲಗೈ ಹೆಬ್ಬೆರಳಿಗೆ ಸವರಿಕೊಂಡೇ ಹೋಗುತ್ತಿತ್ತು. ಹೆಚ್ಚಿದ್ದನ್ನು ಬಾಣಲೆಗೆ ಹಾಕಿ, ಕೈ ಒರೆಸಿಕೊಂಡು, ನಾಲ್ಕು ಹೆಜ್ಜೆ ಸಲೀಸಾಗಿ ನಡೆದು ಬಂದು ಕುರ್ಚಿಯಲ್ಲಿ ಕೂತರು. ಕೂತ ಕೂಡಲೇ ಬೆನ್ನು ಬಾಗಿತು, ಕೈ ವಾಕರಿನ ಮೇಲೆ ಹೋಯಿತು.

"ಸಿಕ್ತಾ ಕೊನೆಗೆ?" ಎಂದು ಒಲೆಯ ಮುಂದಿನ ಖಾಲಿ ಜಾಗದ ಕಡೆ ನೋಡಿ ಕೇಳಿದರು, ತಮ್ಮದೇ ದನಿಯಲ್ಲಿ. "ನೀನೂ ಒಂಚೂರು ಕೂತ್ಕೋ. ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿದ್ದೀಯ."

ಮತ್ತೆ ಎದ್ದರು. ಬೆನ್ನು ನೆಟ್ಟಗಾಯಿತು. ಒಲೆಯ ಹತ್ತಿರ ಹೋಗಿ ಸೊಸೆಯ ದನಿಯಲ್ಲಿ ನಕ್ಕರು. "ಇರಲಿ ಅತ್ತೆ, ಇದೊಂದು ಆಗಿಬಿಡಲಿ. ಆಮೇಲೆ ಕೂತು ಮಾತಾಡೋಣ."

ಸೊಸೆ ಎಷ್ಟು ಹೊತ್ತು ಹಾಗೇ ನಿಂತಿದ್ದಳೋ. ಇಬ್ಬರು ಮಾತಾಡುತ್ತಲೇ ಇದ್ದರು. ಒಬ್ಬರು ಕೇಳುತ್ತಿದ್ದರು, ಇನ್ನೊಬ್ಬಳು ಹೇಳುತ್ತಿದ್ದಳು, ಮಧ್ಯೆ ನಗುತ್ತಿದ್ದರು. ಈ ಮನೆಗೆ ಬಂದು ಆರು ವರ್ಷವಾಗಿತ್ತು; ಅತ್ತೆಯ ಜೊತೆ ತಾನು ಇಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಅತ್ತೆ ಎರಡು ಮೊಟ್ಟೆ ಒಡೆದು ಬಾಣಲೆಗೆ ಸುರಿದರು. ಅಷ್ಟರಲ್ಲಿ ಒಲೆಯ ಪಕ್ಕದ ಬಟ್ಟೆಯ ತುದಿ ಉರಿಗೆ ತಾಗಿ ಹೊಗೆಯಾಡಿದ್ದನ್ನು ಕಂಡು ಸೊಸೆ ಮುನ್ನುಗ್ಗಿದಳು. ಬಟ್ಟೆಯನ್ನು ಎಳೆದು ತೊಟ್ಟಿಗೆ ಹಾಕಿ ಒಲೆ ಆರಿಸಿದಳು.

ಅತ್ತೆ ಹೆದರಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮನೆಗೆ ಬಂದ ಅಪರಿಚಿತರನ್ನು ನೋಡುವ ಹಾಗೆ.

"ಯಾರು ಬೇಕಿತ್ತು?" ಎಂದರು, ಅವಳ ದನಿಯಲ್ಲೇ.

ಸೊಸೆ ಅವರತ್ತ ತಿರುಗಿದಳು. "ನೀವು ಯಾರು?" ಎಂದು ಕೇಳಿದಳು.

"ನಾನು ಈ ಮನೆ ಸೊಸೆ. ಅತ್ತೆ ಈಗ ಊಟ ಮಾಡ್ತಾರೆ. ಆಮೇಲೆ ಬನ್ನಿ."

"ಅತ್ತೆ..." ಎಂದಳು ಸೊಸೆ. ಮತ್ತೊಮ್ಮೆ, "ಅತ್ತೆ," ಎಂದಳು.

ಆ ಒಂದು ಮಾತು ಎಲ್ಲಿ ತಾಗಿತೋ. ಅತ್ತೆ ಹಿಂದೆ ತಿರುಗಿ ಖಾಲಿ ಕುರ್ಚಿಯನ್ನು ನೋಡಿದರು. ಮುಂದೆ ನಿಂತವಳನ್ನು ನೋಡಿದರು. ತಮ್ಮ ಮೈಮೇಲಿನ ಏಪ್ರನ್ ನೋಡಿಕೊಂಡರು, ಕೊನೆಗೆ ಕಾಲು ನೋಡಿಕೊಂಡರು. ಅದರ ಜೊತೆಗೇ ಎರಡು ವರ್ಷದ ಭಯ ವಾಪಸ್ಸು ಬಂತು. ಮೊಣಕಾಲು ಕುಸಿದವು. ಸೊಸೆ ಎರಡೂ ಕೈಯಲ್ಲಿ ಅವರನ್ನು ತಬ್ಬಿ ಹಿಡಿದು, ಹಾಗೇ ಮೆಲ್ಲಗೆ ನೆಲಕ್ಕೆ ಇಳಿಸಿ, ತಾನೂ ಪಕ್ಕದಲ್ಲೇ ಕೂತಳು.

"ನಾನು ಇಲ್ಲಿಗೆ ಹೇಗೆ ಬಂದೆ?" ಎಂದು ಅತ್ತೆ ಕೇಳಿದರು. ಅದು ಅವರದೇ ದನಿ.

ಮಾರನೆಯ ಬೆಳಿಗ್ಗೆ ಸೊಸೆ ಗಂಡನಿಗೆ ಹೇಳಿದಾಗ ಅವನು ಕಾಫಿ ಲೋಟ ಕುಕ್ಕಿದ. ಮೊದಲು ನನ್ನ ತಂಗಿ ಕಳ್ಳಿ ಆದಳು, ಈಗ ನನ್ನ ತಾಯಿಗೆ ಹುಚ್ಚು ಅಂತೀಯಾ ಎಂದ. ಸೊಸೆ ವಾದ ಮಾಡಲಿಲ್ಲ. ಸೋಮವಾರ ರಜೆ ಹಾಕಿ ಕೋಣೆಯಲ್ಲಿ ಕೂತು ನೋಡಿ ಎಂದಷ್ಟೇ ಹೇಳಿದಳು. ಒಲೆ ಹಚ್ಚಲು ಆಗದಂತೆ ಸಿಲಿಂಡರಿನ ತಿರುಪಿಗೆ ಒಂದು ಸಣ್ಣ ಬೀಗ ಹಾಕಿಸಿ, ಕೀಲಿಕೈಯನ್ನು ತನ್ನ ಕತ್ತಿನ ಸರಕ್ಕೆ ಕಟ್ಟಿಕೊಂಡಳು.

ಸೋಮವಾರ ಸಂಜೆ ಅವಳು ಬಂದಾಗ ಗಂಡ ಮಹಡಿ ಮೆಟ್ಟಿಲಿನ ಮೇಲೆ ಕೂತಿದ್ದ. ಏನಾಯಿತು ಎಂದು ಕೇಳಿದರೆ ಹೇಳಲಿಲ್ಲ. ಹೇಳಿದ್ದು ಎರಡು ದಿನ ಕಳೆದ ಮೇಲೆ, ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಸರದಿ ಕಾಯುವಾಗ.

"ಐದು ಗಂಟೆಗೆ ಎದ್ದಳು. ನಾನು ನೋಡೋಕಾಗದೆ ಕೋಣೆಯಿಂದ ಹೊರಗೆ ಬಂದೆ," ಎಂದ. "ನನ್ನ ನೋಡಿ, 'ರೀ, ಇಷ್ಟು ಬೇಗ ಬಂದ್ರಾ, ನಾನು ಇಬ್ಬರಿಗೆ ಮಾತ್ರ ಮಾಡ್ತಿದ್ದೀನಲ್ಲ' ಅಂದಳು. ನಿನ್ನ ದನಿ. ನನ್ನ ಅಮ್ಮ." ಬೆಂಚಿನ ತುದಿಯನ್ನು ಉಗುರಿನಿಂದ ಕೆರೆಯುತ್ತ ಕೂತ.

ಡಾಕ್ಟರು ಬಹಳ ಪ್ರಶ್ನೆ ಕೇಳಿದರು, ನೆನಪಿನ ಪರೀಕ್ಷೆಗೆಂದು ಅತ್ತೆಯಿಂದ ಗಡಿಯಾರದ ಚಿತ್ರ ಬರೆಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಮರೆವಿನ ಕಾಯಿಲೆ ಶುರುವಾಗಿದೆ, ಹಿಂದಕ್ಕೆ ತಿರುಗಿಸಲಾಗದು, ನಿಧಾನ ಮಾಡಬಹುದು ಎಂದರು. ಹಗಲು ಒಬ್ಬರೇ ಇರುತ್ತಾರಾ ಎಂದು ಕೇಳಿದಾಗ ಮೂವರೂ ತಲೆ ತಗ್ಗಿಸಿದರು; ಅತ್ತೆಯೂ ತಗ್ಗಿಸಿದರು, ತಪ್ಪು ತಮ್ಮದೇ ಎಂಬ ಹಾಗೆ.

ಆ ಭಾನುವಾರ ಸೊಸೆ ನಾದಿನಿಯ ಮನೆಗೆ ತಾನೇ ಹೋದಳು. ತಪ್ಪಾಯಿತು ಎಂದಳು. ನಾದಿನಿ ಬಾಗಿಲಲ್ಲೇ ನಿಲ್ಲಿಸಿಕೊಂಡು ಅರ್ಧ ಗಂಟೆ ಬೈದು, ಆಮೇಲೆ ಒಳಗೆ ಕರೆದು, ಎಲ್ಲ ಕೇಳಿ ಅತ್ತಳು. ತನ್ನ ವಾರದ ರಜೆಯ ದಿನ ತಾನು ಬಂದು ಅಮ್ಮನ ಜೊತೆ ಇರುತ್ತೇನೆ ಎಂದಳು. "ಆದರೆ ಬೀನ್ಸ್ ನಾನು ಚಾಕೂಲೇ ಹೆಚ್ಚೋದು ಅತ್ತಿಗೆ, ಮೊದಲೇ ಹೇಳಿರ್ತೀನಿ," ಎಂದು ಮೂಗು ಒರೆಸಿಕೊಂಡಳು. ಗಂಡ ಪಾಳಿ ಬದಲಿಸಿ ಎಂದು ಕೇಳಿದ್ದಕ್ಕೆ ಕಂಪನಿಯವರು ಮುಂದಿನ ತಿಂಗಳು ನೋಡೋಣ ಎಂದರು, ಆಮೇಲೆ ಅದರ ಮುಂದಿನ ತಿಂಗಳು ಎಂದರು. ಹಗಲು ಕೆಳಗಿನ ಮನೆಯ ಟೈಲರ್ ಹೆಂಗಸು ತನ್ನ ಮಿಷನ್ನನ್ನೇ ಮೇಲೆ ತಂದು ಹಾಕಿಕೊಂಡು ಅತ್ತೆಯ ಎದುರು ಹೊಲಿಯುತ್ತ ಕೂರಲು ಒಪ್ಪಿದಳು. ಸೊಸೆ ಅಂಗಡಿಯ ಯಜಮಾನರ ಹತ್ತಿರ ಮಾತಾಡಿ ಒಂದೂವರೆ ಗಂಟೆ ಬೇಗ ಬಂದು ಒಂದೂವರೆ ಗಂಟೆ ಬೇಗ ಹೋಗುವಂತೆ ಮಾಡಿಕೊಂಡಳು. ಈಗ ಅವಳು ಮನೆ ಸೇರುತ್ತಿದ್ದದ್ದು ಐದಕ್ಕೆ.

ಮೊದಲ ಕೆಲವು ದಿನ ಕಷ್ಟವಾಯಿತು. ಅವಳು ಬಾಗಿಲು ತೆಗೆದು ಒಳಗೆ ಬಂದರೆ ಅತ್ತೆ ಅವಳ ಹಿಂದೆ ಇನ್ಯಾರೋ ಬರುತ್ತಾರೆಂಬಂತೆ ಬಾಗಿಲ ಕಡೆಯೇ ನೋಡುತ್ತಿದ್ದರು. ಅವಳಿಗೆ ಮಾತು ಹೊಂದಿಸಲು ಬರುತ್ತಿರಲಿಲ್ಲ. ಇವತ್ತು ಗಾಜು ಉಜ್ಜಿದೆ ಅತ್ತೆ, ನಿನ್ನೆಯೂ ಉಜ್ಜಿದ್ದೆ ಎಂದು ಹೇಳಿ ನಿಲ್ಲಿಸಿಬಿಡುತ್ತಿದ್ದಳು. ಆಮೇಲೆ ಆಮೇಲೆ ಅಂಗಡಿಯಲ್ಲಿ ಕಿವಿ ತೆರೆದಿಟ್ಟುಕೊಳ್ಳುವುದು ಅಭ್ಯಾಸವಾಯಿತು. ಒಬ್ಬನಿಗೆ ಹೆಂಡತಿಯ ಮುಖ ಸ್ಪಷ್ಟವಾಗಿ ಕಾಣುವುದು ಬೇಡವಂತೆ, ಪವರು ಸ್ವಲ್ಪ ಕಡಿಮೆ ಮಾಡಿ ಕೊಡಿ ಅಂದನಂತೆ. ಅತ್ತೆ ಕುರ್ಚಿ ಅಲ್ಲಾಡುವ ಹಾಗೆ ನಕ್ಕರು. ಬೀನ್ಸ್ ಮುರಿಯುವ ಕೆಲಸ ಅವರಿಗೇ ಬಿಟ್ಟಳು; ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಅವರು ಮುರಿದು ಕೊಡುತ್ತಿದ್ದರು. ಕೆಲವು ದಿನ ಅವಳನ್ನು ಗುರುತು ಹಿಡಿಯುತ್ತಿದ್ದರು, ಕೆಲವು ದಿನ ಟೈಲರ್ ಎನ್ನುತ್ತಿದ್ದರು, ಒಂದು ದಿನ ಎಕ್ಸ್‌ಚೇಂಜಿನ ಮೇಲಧಿಕಾರಿ ಎಂದುಕೊಂಡು ಎದ್ದು ನಿಲ್ಲಲು ಹೋದರು.

ಒಂದು ಸಂಜೆ ಅತ್ತೆಯ ತಲೆ ತಿಳಿಯಾಗಿತ್ತು. ಮಗನ ಪಾಳಿ ವಿಚಾರಿಸಿದರು, ಮಗಳು ಬಂದು ಹೋದದ್ದನ್ನು ನೆನೆಸಿಕೊಂಡರು. ಅನ್ನ ಇಳಿಸಿ ಆಗಿತ್ತು, ಬಾಣಲೆಯಲ್ಲಿ ಆಲೂಗಡ್ಡೆ ಬೆಂದಿತ್ತು. ಸೊಸೆ ಮೊಟ್ಟೆ ಒಡೆಯಲು ಬಟ್ಟಲು ತೆಗೆದುಕೊಂಡಳು.

"ಆ ಹುಡುಗಿ ಈಗ ಬರೋದಿಲ್ಲ ಅಲ್ವಾ?" ಎಂದು ಅತ್ತೆ ಕೇಳಿದರು.

"ಯಾವ ಹುಡುಗಿ ಅತ್ತೆ?"

"ದಿನಾ ಈ ಹೊತ್ತಿಗೆ ಬರ್ತಿದ್ದಳಲ್ಲ. ನೀನು ಬರೋಕೆ ಶುರು ಮಾಡಿದ ಮೇಲೆ ಬಂದೇ ಇಲ್ಲ."

ಸೊಸೆಯ ಕೈ ನಿಂತಿತು. ಅತ್ತೆಯ ಕಣ್ಣಲ್ಲಿ ಮಬ್ಬು ಇರಲಿಲ್ಲ. ಯಾವಳೋ ಪರಿಚಯದವಳ ಬಗ್ಗೆ ಕೇಳುವ ಹಾಗೆ, ಸಹಜವಾಗಿ ಕೇಳಿದ್ದರು.

"ಒಳ್ಳೆಯವಳು," ಎಂದರು ಅತ್ತೆ. "ಹೋಗೋವಾಗ ಒಂದು ಮಾತು ಹೇಳಲೂ ಇಲ್ಲ. ಬೇಜಾರು ಮಾಡ್ಕೊಂಡಳೋ ಏನೋ."

"ಬರಬಹುದು ಅತ್ತೆ," ಎಂದಳು ಸೊಸೆ. "ಬಂದ್ರೆ ಊಟಕ್ಕೆ ಕೂರಿಸೋಣ."

"ಇಬ್ಬರಿಗೆ ಮಾಡಿದ್ದು ಸಾಕಾಗುತ್ತಾ?"

"ಸಾಕಾಗೋ ಹಾಗೆ ಮಾಡ್ತೀನಿ."

ಹೊರಗೆ ಮೆಟ್ಟಿಲ ಮೇಲೆ ಯಾರೋ ಹತ್ತಿ ಬರುವ ಸದ್ದಾಯಿತು. ಇಬ್ಬರೂ ಬಾಗಿಲ ಕಡೆ ನೋಡಿದರು. ಸದ್ದು ಎರಡನೆಯ ಮಹಡಿಯಲ್ಲಿ ನಿಂತಿತು. ಸೊಸೆ ಬಟ್ಟಲಿಗೆ ಎರಡು ಮೊಟ್ಟೆ ಒಡೆದಳು, ಒಂದು ಕ್ಷಣ ಕಾದಳು, ಮೂರನೆಯದನ್ನೂ ಒಡೆದಳು.